ಗೋದಾವರಿ ದಾಟಿದ ಲೆಕ್ಕ

ವಿಶಾಖಪಟ್ಟಣಕ್ಕೆ ಬಂದು ನೆಲೆಸಿದ ಮೇಲೆ ನನ್ನ ಚೌಕಾಸಿ, ಜಗಳ, ಕೊನೆಗೆ ಕನಸು ಕೂಡ ತೆಲುಗಿಗೆ ತಿರುಗಿವೆ. ಗುಣಾಕಾರ ಮಾತ್ರ ಹಟ ಬಿಟ್ಟಿಲ್ಲ. ಪೂರ್ಣಾ ಮಾರ್ಕೆಟ್ಟಿನಲ್ಲಿ ತೆಲುಗಲ್ಲಿ ಬೆಲೆ ಕೇಳಿ, ಬಾಯೊಳಗೇ ‘ಏಳೇಳ್ಲ ನಲವತ್ತೊಂಬತ್ತು’ ಅಂದುಕೊಂಡು, ಮತ್ತೆ ತೆಲುಗಲ್ಲೇ ಚಿಲ್ಲರೆ ಕೇಳುತ್ತೇನೆ. ಮಗಳಿಗೆ ಅದು ‘ಸೆವೆನ್ ಸೆವೆನ್ಸಾರ್’. ನಮ್ಮ ಮನೆಯ ಮಗ್ಗಿಗೆ ನಾನೇ ಕೊನೆಯ ವಾರಸುದಾರ.

ಮೊನ್ನೆ ರತ್ನಾಚಲ್ ಎಕ್ಸ್‌ಪ್ರೆಸ್ಸಿನಲ್ಲಿ ವಿಜಯವಾಡಕ್ಕೆ ಹೊರಟವನು ಹೊತ್ತು ಹೋಗಲೆಂದು ಪತ್ರಿಕೆಯ ಅಂಚಿನಲ್ಲಿ ಒಂದು ಸಂಖ್ಯೆ ಬರೆದೆ: 12345654321. ನಮ್ಮ ಕಡೆಯ ಆಸ್ತಿ ಇದು. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರ ಹೊತ್ತಿಗೆ, ಮಹಾವೀರಾಚಾರ್ಯ ಬರೆದ ‘ಗಣಿತಸಾರಸಂಗ್ರಹ’ದಲ್ಲಿದೆ. ಒಂದರಿಂದ ಆರರ ತನಕ ಹತ್ತಿ, ಹತ್ತಿದ ದಾರಿಯಲ್ಲೇ ಇಳಿಯುತ್ತದೆ. 27994681ನ್ನು 441ರಿಂದ ಗುಣಿಸಿದರೆ ಇದು ಬರುತ್ತದೆ ಎಂಬುದು ಅವನ ಲೆಕ್ಕ. ಇಷ್ಟು ಕುರೂಪಿ ಸಂಖ್ಯೆಯ ಹೊಟ್ಟೆಯಲ್ಲಿ ಇಂಥ ಚೆಲುವೆ ಹೇಗೆ ಎಂದು ಕೆದಕಿದೆ. 441 ಎಂದರೆ 21ರ ವರ್ಗ. ಆ ಕುರೂಪಿ 5291ರ ವರ್ಗ. ನನ್ನ ಮಗ್ಗಿ ಇಪ್ಪತ್ತಕ್ಕೇ ನಿಂತದ್ದರಿಂದ 5291ನ್ನು ಮೊದಲು ಮೂರರಿಂದ, ಆಮೇಲೆ ಏಳರಿಂದ ಗುಣಿಸಿದೆ. ಸಿಕ್ಕಿತು: 111111! ಆರು ಒಂದುಗಳು ತಮ್ಮನ್ನೇ ತಾವು ಗುಣಿಸಿಕೊಂಡು ಸಾಲಾಗಿ ನಿಂತಿವೆ, ಅಷ್ಟೆ. ಅಂಕಿಗಳನ್ನು ಕೂಡಿದರೆ 36, ಅದೂ ಆರರ ವರ್ಗ. ಒಂಬತ್ತು ಒಂದುಗಳ ತನಕ ಈ ವೈಭವ ನಡೆಯುತ್ತದೆ. ಹತ್ತನೆಯದು ಸೇರಿದರೆ ನಡುವೆ ದಶಕ ನುಗ್ಗಿ ಸಾಲು ಕೆಡುತ್ತದೆ.

ಅಷ್ಟರಲ್ಲಿ ಗಾಡಿ ರಾಜಮಂಡ್ರಿ ಬಿಟ್ಟು ಗೋದಾವರಿ ಸೇತುವೆ ಹತ್ತಿತು. ಈ ಊರಿಂದ ಆಳಿದ ರಾಜರಾಜ ನರೇಂದ್ರನ ಕಾಲದಲ್ಲಿ, 11ನೇ ಶತಮಾನದಲ್ಲಿ, ಪಾವುಲೂರಿ ಮಲ್ಲನ ಇದೇ ಗ್ರಂಥವನ್ನು ತೆಲುಗಿಗೆ ತಂದ ಎನ್ನುತ್ತಾರೆ. ಮೂಲದಲ್ಲಿ ಜಿನನಿದ್ದ ಕಡೆ ಶಿವನನ್ನು ಕೂರಿಸಿದನಂತೆ. ಕೂರಿಸಲಿ, ಗುಣಾಕಾರಕ್ಕೆ ವಿಭೂತಿ ಹಚ್ಚಿದರೆ ಉತ್ತರವೇನೂ ಬದಲಾಗದು. ನನಗಿಂತ ಎಷ್ಟೋ ಮೊದಲೇ ಕನ್ನಡನಾಡಿನ ಲೆಕ್ಕ ಇಲ್ಲಿ ಬಂದು ಸಂಸಾರ ಹೂಡಿತ್ತು. ನಾನೇ ಇನ್ನೂ ಬಾಡಿಗೆ ಮನೆಯವನಂತೆ ಗೊಣಗುತ್ತಿದ್ದೇನೆ.

ಪಕ್ಕದ ಸೀಟಿನ ಹಿರಿಯರು ಬಹಳ ಹೊತ್ತಿನಿಂದ ಇಣುಕುತ್ತಿದ್ದರು. ಅವರು ಕಂಡದ್ದು 1234 ಕೋಟಿ 56 ಲಕ್ಷದ 54 ಸಾವಿರದ 321. “ಏ ಟೆಂಡರು ಸಾರ್?” ಎಂದು ದನಿ ತಗ್ಗಿಸಿ ಕೇಳಿದರು. ನೃಪತುಂಗನ ಮಾನ್ಯಖೇಟದಿಂದ ಶುರುಮಾಡುವ ಧೈರ್ಯ ಸಾಲದೆ, ತುಂಬ ಹಳೆಯ ಲೆಕ್ಕ ಎಂದೆ. ಹಳೇ ಬಾಕಿ ಎಂದು ತಿಳಿದು ಮರುಗಿದರು. ಆಮೇಲೆ ಮೊಬೈಲ್ ತೆಗೆದು, ಕೇಳದೆಯೇ, ಅದಕ್ಕೆ ಶೇ. 18 ಜಿಎಸ್‌ಟಿ ಹಾಕಿ ತೋರಿಸಿದರು: 2222217777.78. ಐದು ಎರಡು, ಐದು ಏಳು! ಮಹಾವೀರಾಚಾರ್ಯನಿಗೆ ಈ ತೆರಿಗೆ ಗೊತ್ತಿದ್ದರೆ ಇದಕ್ಕೂ ಒಂದು ಶ್ಲೋಕ ಕಟ್ಟುತ್ತಿದ್ದ.

ಹಿರಿಯರೂ ಸ್ವಲ್ಪ ಹೊತ್ತು ಕಣ್ತುಂಬ ನೋಡಿದರು. “ಅಂದಂಗಾ ಉಂದಿ,” ಅಂದರು. “ಕಾನಿ ಕಟ್ಟೇದೆವರು ಸಾರ್?” ಚೆಂದವೇನೋ ಹೌದು, ಕಟ್ಟುವವರು ಯಾರು?