ಹಳಿಯಿಲ್ಲದ ಜೋಡಿ ದಾರಿ

ಅಮೆರಿಕದ ಯೂಟಾ ರಾಜ್ಯದಲ್ಲಿ, ಗ್ರೇಟ್ ಸಾಲ್ಟ್ ಲೇಕ್ ಎಂಬ ಉಪ್ಪುನೀರಿನ ಸರೋವರದ ಉತ್ತರಕ್ಕೆ ಪ್ರಾಮಂಟರಿ ಬೆಟ್ಟಗಳಿವೆ. ಒಣ ನೆಲ, ಮರಗಳು ಅಪರೂಪ, ಕಣ್ಣು ಹಾಯಿಸಿದಷ್ಟೂ ಬೂದುಬಣ್ಣದ ಕುರುಚಲು ಗಿಡ. ಬೆಟ್ಟದ ಪೂರ್ವದ ಇಳಿಜಾರಿನಲ್ಲಿ ನಿಂತವರಿಗೆ ಒಂದು ವಿಚಿತ್ರ ಕಾಣಿಸುತ್ತದೆ. ರೈಲಿಗಾಗಿ ಕಟ್ಟಿದ ಮಣ್ಣಿನ ಏರಿ ಒಂದಲ್ಲ, ಎರಡು! ಎರಡೂ ಅಕ್ಕಪಕ್ಕದಲ್ಲೇ ಬೆಟ್ಟ ಹತ್ತುತ್ತವೆ. ಎರಡರ ಮೇಲೂ ಈಗ ಹಳಿಯಿಲ್ಲ.

ಒಂದೇ ಬೆಟ್ಟಕ್ಕೆ ಎರಡು ದಾರಿ ಏಕೆ? ದೇಶದ ಪೂರ್ವ ಪಶ್ಚಿಮಗಳನ್ನು ಜೋಡಿಸಲು ಯೂನಿಯನ್ ಪೆಸಿಫಿಕ್ ಕಂಪನಿ ಪೂರ್ವದಿಂದಲೂ ಸೆಂಟ್ರಲ್ ಪೆಸಿಫಿಕ್ ಕಂಪನಿ ಪಶ್ಚಿಮದಿಂದಲೂ ಹಳಿ ಹಾಕುತ್ತ ಬಂದವು. ಸರ್ಕಾರ ಮೈಲಿ ಲೆಕ್ಕದಲ್ಲಿ ಸಾಲಪತ್ರ ಕೊಡುತ್ತಿತ್ತು: ಬಯಲಿನಲ್ಲಿ ಮೈಲಿಗೆ 16,000 ಡಾಲರ್, ಎರಡು ಪರ್ವತಶ್ರೇಣಿಗಳ ನಡುವಿನ ಈ ಪ್ರದೇಶದಲ್ಲಿ 32,000. ಆದರೆ ಎರಡೂ ಎಲ್ಲಿ ಕೂಡಬೇಕೆಂದು ಕಾನೂನು ಗೊತ್ತುಮಾಡಿರಲಿಲ್ಲ. ಹೀಗಾಗಿ ಮುಂದಾಗಿ ನೆಲ ಹದಗೊಳಿಸುತ್ತಿದ್ದ ತಂಡಗಳು ಎದುರಾದರೂ ನಿಲ್ಲದೆ, ಒಂದನ್ನೊಂದು ದಾಟಿ ಹೋದವು. 200 ಮೈಲಿಗೂ ಹೆಚ್ಚು ದೂರ ಜೋಡಿ ದಾರಿಯಾಯಿತು! ಕೊನೆಗೆ 1869ರ ಏಪ್ರಿಲ್‌ನಲ್ಲಿ ಅಮೆರಿಕದ ಸಂಸತ್ತು ಪ್ರಾಮಂಟರಿಯನ್ನು ಗೊತ್ತುಮಾಡಿತು. ಮೇ 10ರಂದು ಹಳಿಗಳು ಕೂಡಿದವು.

ವಿದ್ಯಾರ್ಥಿಗಳು ಗಮನಿಸಬೇಕಾದ ಭೌತಶಾಸ್ತ್ರವೂ ಇಲ್ಲಿದೆ. 100 ಅಡಿಗೆ ಒಂದೇ ಅಡಿ ಏರಿದರೂ, 100 ಟನ್ ರೈಲನ್ನು ಗುರುತ್ವ ಒಂದು ಟನ್ ಭಾರದಷ್ಟು ಹಿಂದಕ್ಕೆಳೆಯುತ್ತದೆ. ಆದ್ದರಿಂದ ಉಬ್ಬನ್ನು ಕಡಿಯಬೇಕು, ತಗ್ಗನ್ನು ತುಂಬಬೇಕು. ಇಲ್ಲಿನ ಒಂದು ಕೊರಕಲನ್ನು ಸೆಂಟ್ರಲ್ ಪೆಸಿಫಿಕ್ ಮಣ್ಣು, ಕಲ್ಲುಗಳಿಂದ ತುಂಬಿಸಿತು. ಆಳ ಸುಮಾರು 170 ಅಡಿ, ಉದ್ದ 500 ಅಡಿ. ಅದರ ಪಕ್ಕದಲ್ಲೇ ಯೂನಿಯನ್ ಪೆಸಿಫಿಕ್ ಅವಸರದಲ್ಲಿ ಸುಮಾರು 85 ಅಡಿ ಎತ್ತರದ ಮರದ ಸೇತುವೆ ನಿಲ್ಲಿಸಿತು. ಅದನ್ನು ಬೇಗನೆ ಕೈಬಿಟ್ಟು ಹಳಿಯನ್ನು ಮಣ್ಣಿನ ಏರಿಗೆ ಸರಿಸಿದರು. ಏರಿ ಇಂದಿಗೂ ಭದ್ರವಾಗಿದೆ.

1904ರಲ್ಲಿ ಸರೋವರದ ಮೇಲೆಯೇ ನೇರ ದಾರಿ ತೆರೆದು, ಈ ಏರುದಾರಿ ಮೂಲೆಗೆ ಬಿತ್ತು. 1942ರಲ್ಲಿ ಯುದ್ಧದ ಅಗತ್ಯಕ್ಕೆ ಹಳಿಗಳನ್ನು ಕಿತ್ತರು. ಈಗ ಇದು ರಾಷ್ಟ್ರೀಯ ಐತಿಹಾಸಿಕ ಉದ್ಯಾನ. ಕಾಲ್ದಾರಿಯಲ್ಲಿ ನಡೆದರೆ ಕಡಿದ ಬಂಡೆಗಳಲ್ಲಿ ಸಿಡಿಮದ್ದು ತುಂಬಲು ಕೈಯಿಂದ ಕೊರೆದ ತೂತುಗಳ ಗುರುತು ಕಾಣುತ್ತದೆ.

ಪುಸ್ತಕಗಳಲ್ಲಿ ನಾವು ನೋಡುವುದು ಚಿನ್ನದ ಮೊಳೆಯ ಸಮಾರಂಭವನ್ನು. ಹಳಿಯನ್ನೇ ಕಾಣದ ಅಷ್ಟೊಂದು ಮೈಲಿಗಳಿಗೂ ಕೂಲಿಗಳು ಅಷ್ಟೇ ಬೆವರು ಸುರಿಸಿದ್ದರು. ಲೆಕ್ಕದಲ್ಲಿ ಉತ್ತರಕ್ಕೆ ಮಾತ್ರವಲ್ಲ, ಹಂತಗಳಿಗೂ ಅಂಕವಿದೆ. ಮಳೆ ಕಡಿಮೆಯಾದ ಆ ನೆಲ ಎಲ್ಲ ಹಂತಗಳನ್ನೂ ಅಳಿಸದೆ ಇಟ್ಟುಕೊಂಡಿದೆ.