ಪಣಂಬೂರಿನ ಬಂದರಿನಲ್ಲಿ ಸನ್ನೆಕೋಲಿನ ಪಾಠ

ಮಂಗಳೂರಿನಿಂದ ಉಡುಪಿಯತ್ತ ಸುಮಾರು 10 ಕಿ.ಮೀ. ಸಾಗಿದರೆ ಪಣಂಬೂರು. ಅಲ್ಲಿನ ಕಡಲತೀರಕ್ಕೆ ಹೋದವರಿಗೆ ಪಕ್ಕದಲ್ಲೇ ಹಡಗುಗಳು ಕಾಣುತ್ತವೆ. ಅದೇ 1974ರಲ್ಲಿ ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಿತವಾದ ನವಮಂಗಳೂರು ಬಂದರು. ಮಲೆನಾಡಿನ ಕಾಫಿ ಇಲ್ಲಿಂದ ಹಡಗೇರುತ್ತದೆ.

ಬಂದರಿನ ಗೋದಾಮುಗಳಲ್ಲಿ ಸರಕು ಎತ್ತಿ ಪೇರಿಸುವ ಫೋರ್ಕ್‌ಲಿಫ್ಟ್, ಮಕ್ಕಳು ಶಾಲೆಯಲ್ಲಿ ಕಲಿಯುವ ಸನ್ನೆಕೋಲೇ. ಮುಂದಿನ ಚಕ್ರಗಳು ಆನಿಕೆ. ಅದರ ಮುಂದೆ ಹೊರೆ, ಹಿಂದೆ ಅದನ್ನು ಸರಿದೂಗಿಸುವ ಕಬ್ಬಿಣದ ಭಾರ. ಹೊರೆ ಮಿತಿ ಮೀರಿದರೆ ಹಿಂದಿನ ಚಕ್ರಗಳು ನೆಲ ಬಿಡುತ್ತವೆ. ಹೊರೆಯನ್ನು ಎತ್ತಿದಷ್ಟೂ ಗುರುತ್ವಕೇಂದ್ರ ಮೇಲೇರುತ್ತದೆ. ಆಗ ತಿರುವಿನಲ್ಲಿ ವೇಗ ಹೆಚ್ಚಿದರೆ ವಾಹನ ಪಕ್ಕಕ್ಕೆ ಮಗುಚುತ್ತದೆ. ಆದ್ದರಿಂದಲೇ ಸಾಗುವಾಗ ಕವಲುಗಳನ್ನು ನೆಲದಿಂದ ಸುಮಾರು 15 ಸೆಂ.ಮೀ. ಎತ್ತರದಲ್ಲಷ್ಟೇ ಇಡಬೇಕು. ತಿರುಗುವುದು ಹಿಂದಿನ ಚಕ್ರಗಳಾದ್ದರಿಂದ ವಾಹನದ ಹಿಂಭಾಗ ಹೊರಕ್ಕೆ ಬೀಸುತ್ತದೆ. ಪಕ್ಕದಲ್ಲಿ ಯಾರೂ ನಿಲ್ಲಬಾರದು.

ಮಗುಚುವಾಗ ಹೊರಗೆ ಹಾರುವುದು ಮನುಷ್ಯನ ಸಹಜ ಬುದ್ಧಿ. ಆದರೆ ಹಾರಿದ ಚಾಲಕನ ಮೇಲೆ ವಾಹನದ ಚಾವಣಿಯ ಚೌಕಟ್ಟೇ ಬೀಳಬಹುದು. ಬೆಲ್ಟ್ ಕಟ್ಟಿಕೊಂಡು, ಸ್ಟಿಯರಿಂಗ್ ಬಿಗಿಹಿಡಿದು, ಬೀಳುವ ದಿಕ್ಕಿಗೆ ವಿರುದ್ಧವಾಗಿ ವಾಲಿ ಕೂತವನು ಬದುಕುವ ಸಂಭವ ಹೆಚ್ಚು. ಪರೀಕ್ಷೆಯಲ್ಲಿ ಕೆಲವೇ ಅಂಕಗಳ ಈ ಪಾಠವನ್ನು ಗೋದಾಮಿನಲ್ಲಿ ಮರೆತರೆ ಜೀವಕ್ಕೇ ಸಂಚಕಾರ.