ರಾಕ್ಷಸನ ಅರ್ಥ

ನಮ್ಮ ಮನೆಯ ಊಟದ ಮೇಜಿನ ಮೇಲೆ ಪ್ರತಿ ಭಾನುವಾರ ಮಧ್ಯಾಹ್ನ ಮೂರರಿಂದ ಆರರವರೆಗೆ ಯುದ್ಧ ನಡೆಯುತ್ತದೆ. ಹಡಪಸರದ ಒಂದು ಅಪಾರ್ಟ್‌ಮೆಂಟಿನ ಏಳನೆಯ ಮಹಡಿ. ಕಿಟಕಿ ತೆರೆದರೆ ಸೋಲಾಪುರ ರಸ್ತೆಯ ಲಾರಿಗಳ ಸದ್ದು. ಮೇಜಿನ ಸುತ್ತ ನಾಲ್ಕು ಮಕ್ಕಳು: ನನ್ನ ಮಗಳು, ಎದುರು ಫ್ಲ್ಯಾಟಿನ ಮರಾಠಿ ಹುಡುಗ, ಕೆಳಗಿನ ಮಹಡಿಯ ತೆಲುಗಿನ ಅಕ್ಕ, ತಮ್ಮ. ಎಲ್ಲರೂ ಹನ್ನೆರಡರಿಂದ ಹದಿನೈದರೊಳಗಿನವರು. ಆಡುವ ಭಾಷೆ ಅರ್ಧ ಇಂಗ್ಲಿಷು, ಅರ್ಧ ಹಿಂದಿ, ಜಗಳ ಬಂದಾಗ ಅವರವರ ಮನೆಮಾತು.

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದದ್ದು. ಗೊತ್ತಿಲ್ಲದವರಿಗೆ ಎರಡೇ ಮಾತಿನಲ್ಲಿ ಹೇಳುತ್ತೇನೆ. ಒಬ್ಬ ಕಥೆ ಹೇಳುತ್ತಾನೆ, ಅವನಿಗೆ ಡಂಜನ್ ಮಾಸ್ಟರ್ ಎನ್ನುತ್ತಾರೆ. ಉಳಿದವರು ತಮ್ಮ ತಮ್ಮ ಪಾತ್ರ ಏನು ಮಾಡುತ್ತದೆ ಅಂತ ಹೇಳುತ್ತಾರೆ. ಕತ್ತಿ ಬೀಸಿದ್ದು ತಾಗಿತೋ ಇಲ್ಲವೋ ಎಂಬಂಥದ್ದನ್ನೆಲ್ಲ ಇಪ್ಪತ್ತು ಮುಖದ ಒಂದು ದಾಳ ತೀರ್ಮಾನಿಸುತ್ತದೆ. ನಾನು ವಾರದ ಐದು ದಿನ ಪ್ರಾಜೆಕ್ಟ್ ಮ್ಯಾನೇಜರ್, ಭಾನುವಾರ ಡಂಜನ್ ಮಾಸ್ಟರ್. ಎರಡೂ ಕಡೆ ಕೆಲಸ ಹೆಚ್ಚುಕಡಿಮೆ ಒಂದೇ. ಪ್ಲ್ಯಾನ್ ಮಾಡುವುದು, ಆಮೇಲೆ ಅದು ಹೇಗೆ ಹಾಳಾಗುತ್ತದೆ ಅಂತ ನೋಡುತ್ತ ಕೂರುವುದು.

ಈ ಆಟದ ರಕ್ಕಸರ ಪಟ್ಟಿಗೆ ದೊಡ್ಡದೊಂದು ಪುಸ್ತಕವೇ ಇದೆ, ಮಾನ್‌ಸ್ಟರ್ ಮ್ಯಾನ್ಯುಯಲ್. ಅದರಲ್ಲಿ ನಮ್ಮ ‘ರಾಕ್ಷಸ’ನೂ ಇದ್ದಾನೆ, ಅದೇ ಹೆಸರಿನಲ್ಲಿ, 1977ರ ಮೊದಲ ಪುಸ್ತಕದಿಂದಲೂ. ಹುಲಿಯ ತಲೆ, ಹಿಂದುಮುಂದಾದ ಅಂಗೈ. 2014ರ ಪುಸ್ತಕದ ಪ್ರಕಾರ ಆರ್ಮರ್ ಕ್ಲಾಸ್ 16, ಹಿಟ್ ಪಾಯಿಂಟ್ 110. ಹೆಸರಿನ ಕೆಳಗೇ ಸ್ವಭಾವ ಅಚ್ಚಾಗಿದೆ: ಲಾಫುಲ್ ಈವಿಲ್. ಹುಟ್ಟಿದ್ದು ಅವರ ನರಕದಲ್ಲಂತೆ. ಮೊದಲ ಸಲ ಓದಿದಾಗ ನಮ್ಮ ಊರಿನವನೊಬ್ಬ ವಿದೇಶದಲ್ಲಿ ಹೆಸರು ಕೆಡಿಸಿಕೊಂಡು ಸಿಕ್ಕಿಬಿದ್ದ ಸುದ್ದಿ ಓದಿದ ಹಾಗಾಯಿತು.

ಕಳೆದ ವರ್ಷ ಬೇಸಗೆಗೆ ಮುಂಚೆ ಈ ರಾಕ್ಷಸನನ್ನು ಮಕ್ಕಳ ಎದುರು ತಂದೆ. ಮಕ್ಕಳ ಲೆವೆಲ್ಲಿಗೆ ತಕ್ಕ ಹಾಗೆ ಅಂಕಿಗಳನ್ನು ಇಳಿಸಿದ್ದೆ. ಅವನಿಗೊಂದು ಹಿನ್ನೆಲೆ ಬೇಕಲ್ಲ ಅಂತ ಶನಿವಾರ ರಾತ್ರಿ ಕೂತು ಮೂರು ಪುಟ ಬರೆದಿದ್ದೆ. ಏಳು ತಲೆಮಾರು, ಒಂದು ಶಾಪ, ಕಳೆದುಹೋದ ಕಿರೀಟ, ಎಲ್ಲ ಇತ್ತು. ಮಕ್ಕಳು ನಾಲ್ಕು ರೌಂಡಿನಲ್ಲಿ ಕೊಂದು ಮುಗಿಸಿದರು. ಆಟದ ಲೆಕ್ಕದಲ್ಲಿ ಒಂದು ರೌಂಡ್ ಅಂದರೆ ಆರು ಸೆಕೆಂಡು. ಮೂರು ಪುಟದ ಚರಿತ್ರೆ ಇಪ್ಪತ್ತನಾಲ್ಕು ಸೆಕೆಂಡಿಗೆ ಸಮಾಪ್ತಿ.

ಎಲ್ಲ ಮುಗಿದ ಮೇಲೆ, ಹೆಣದ ಜೇಬು ಹುಡುಕುತ್ತ, ಎದುರು ಫ್ಲ್ಯಾಟಿನ ಹುಡುಗ ಕೇಳಿದ: “ಕಾಕಾ, ಇವನು ಆ ಹಳ್ಳಿಯವರನ್ನ ಯಾಕೆ ತಿನ್ನುತ್ತಿದ್ದ?”

ಮೂರು ಪುಟ ನನ್ನ ಕೈಯಲ್ಲೇ ಇತ್ತು. ಆದರೆ ಆಗ ಬಾಯಿಗೆ ಬಂದದ್ದು ಒಂದೇ ವಾಕ್ಯ: “ರಾಕ್ಷಸ ಅಲ್ಲವಾ, ಅದಕ್ಕೆ.”

ಹುಡುಗ ತಲೆಯಾಡಿಸಿದ. ನನಗೆ ಮಾತ್ರ ಆ ಉತ್ತರ ಎರಡು ದಿನ ಕಾಡಿತು. ಹಾಗೆ ಹೇಳುವವರ ಊರಿನಿಂದ ಬಂದವನಲ್ಲ ನಾನು.

ನನ್ನ ಊರು ವಿಟ್ಲದಿಂದ ಮುಂದೆ, ಕೇರಳದ ಗಡಿಗೆ ಹತ್ತಿರ. ಚಿಕ್ಕಂದಿನಲ್ಲಿ ಕಟೀಲು ಮೇಳದ ‘ದೇವಿ ಮಹಾತ್ಮೆ’ ಆಟ ವರ್ಷಕ್ಕೆ ಎರಡೋ ಮೂರೋ ಸಲ ಅಜ್ಜನ ಕಂಬಳಿಯೊಳಗೆ ಕೂತು ನೋಡಿದ್ದೇನೆ. ನೋಡಿದವರಿಗೆ ಮಹಿಷಾಸುರನ ಪ್ರವೇಶ ಮರೆಯುವುದಿಲ್ಲ. ಅವನು ಚೌಕಿಯಿಂದ ಸೀದಾ ರಂಗಸ್ಥಳಕ್ಕೆ ಬರುವುದಿಲ್ಲ. ಪ್ರೇಕ್ಷಕರ ಹಿಂದಿನಿಂದ, ದೊಂದಿಯ ಬೆಳಕಿನಲ್ಲಿ, ರಾಳದ ಹುಡಿ ಭಗ್ಗೆಂದು ಹೊತ್ತಿಕೊಳ್ಳುವಾಗ, ಕೋಡು ಅಲ್ಲಾಡಿಸುತ್ತ ಆರ್ಭಟೆ ಕೊಟ್ಟು ನಮ್ಮ ನಡುವೆಯೇ ನುಗ್ಗಿ ಬರುತ್ತಾನೆ. ಮಕ್ಕಳು ಕಿರುಚುತ್ತಾರೆ. ನಾನಂತೂ ಅಜ್ಜನ ತೋಳು ಕಚ್ಚಿದ್ದುಂಟು.

ಆದರೆ ಆ ಹೆದರಿಕೆಯಲ್ಲಿ ಇನ್ನೇನೋ ಸೇರಿರುತ್ತಿತ್ತು. ಅದೇನೆಂದು ಈಗ, ಹಡಪಸರದಲ್ಲಿ ಕೂತು ಲೆಕ್ಕ ಹಾಕಿದಾಗ ಹೊಳೆಯಿತು. ಮಹಿಷ ಬರುವ ಎಷ್ಟೋ ಮೊದಲೇ ಅವನ ತಾಯಿ ಬಂದಿರುತ್ತಾಳೆ. ಮಾಲಿನಿ. ದೇವತೆಗಳಿಂದ ತನ್ನವರು ಅಳಿದ ಸಂಕಟ ಅವಳದು. ದೇವತೆಗಳನ್ನು ಗೆಲ್ಲುವ ಒಬ್ಬ ಮಗ ಬೇಕು ಅಂತ ತಪಸ್ಸಿಗೆ ಕೂರುತ್ತಾಳೆ. ಅವಳ ದುಃಖ ನೋಡಿಯಾದ ಮೇಲೆ ನಡುರಾತ್ರಿ ದೊಂದಿ ಹಿಡಿದು ಬರುವ ಕೋಣ ಯಾರ ಮಗ ಎನ್ನುವುದು ಕಂಬಳಿಯೊಳಗಿನ ಹುಡುಗನಿಗೂ ಗೊತ್ತು. ಕೊನೆಗೆ ದೇವಿ ಅವನನ್ನು ಕೊಲ್ಲಲೇಬೇಕು, ಕೊಲ್ಲುತ್ತಾಳೆ, ನಾವು ಕೈಮುಗಿಯುತ್ತೇವೆ. ಆದರೂ ಗುರುತಿಲ್ಲದ ಒಂದು ಪ್ರಾಣಿ ಸತ್ತ ಹಾಗೆ ಅನಿಸುವುದಿಲ್ಲ.

ಇನ್ನೊಂದು ವಿಷಯ. ನಮ್ಮ ಕಡೆ ಯಕ್ಷಗಾನದ ಮಾತುಗಾರಿಕೆಗೆ ‘ಅರ್ಥ’ ಎನ್ನುತ್ತೇವೆ. ಪದ್ಯ ಭಾಗವತರದು, ಅರ್ಥ ಪಾತ್ರಧಾರಿಯದು. ಈ ಅರ್ಥ ಹೇಳುವ ಹಕ್ಕು ರಾಮನಿಗೆಷ್ಟೋ ವಾಲಿಗೂ ಅಷ್ಟೇ. ತಾಳಮದ್ದಳೆಯಲ್ಲಿ ವೇಷವೂ ಇಲ್ಲ, ಕುಣಿತವೂ ಇಲ್ಲ, ಬರೀ ಅರ್ಥ. ಕಾಸರಗೋಡು ಕಡೆಯ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಹೆಸರು ಮಾಡಿದ್ದೇ ವಾಲಿ, ರಾವಣ, ಕೌರವರಂಥ ಪಾತ್ರಗಳಲ್ಲಿ. ಬಾಣ ತಾಗಿ ಬಿದ್ದ ವಾಲಿ ಪ್ರಾಣ ಬಿಡುವ ಮೊದಲು ‘ಮರೆಯಲ್ಲಿ ನಿಂತು ಹೊಡೆದೆಯಲ್ಲ’ ಎಂದು ರಾಮನನ್ನೇ ತರಾಟೆಗೆ ತೆಗೆದುಕೊಳ್ಳುತ್ತಾನೆ. ರಾಮ ಉತ್ತರ ಕೊಡಲೇಬೇಕು. ವಾದದಲ್ಲಿ ಯಾರು ಗೆದ್ದರೂ ವಾಲಿ ಬದುಕುವುದಿಲ್ಲ. ಆದರೆ ಅವನ ಮಾತು ಮುಗಿಯದೆ ಪ್ರಸಂಗವೂ ಮುಂದೆ ಹೋಗುವುದಿಲ್ಲ.

ನನ್ನ ತಪ್ಪು ಆಗ ತಿಳಿಯಿತು. ನನ್ನ ರಾಕ್ಷಸನ ಕಥೆ ನನ್ನ ಕಾಗದದಲ್ಲಿತ್ತು, ಮಕ್ಕಳ ದಾರಿಯಲ್ಲಿರಲಿಲ್ಲ. ಅವರು ಅವನ ತಾಯಿಯನ್ನು ನೋಡಿರಲಿಲ್ಲ. ಅವನಿಗೆ ಅರ್ಥ ಹೇಳಲು ಪುರುಸೊತ್ತು ಕೊಟ್ಟಿರಲಿಲ್ಲ. ಹೆಚ್ಚೇನು, ಅವನಿಗೆ ಏನು ಬೇಕು ಎನ್ನುವುದೇ ನನಗೆ ಗೊತ್ತಿರಲಿಲ್ಲ. ಏಳು ತಲೆಮಾರು ಬರೆದಿದ್ದೆ, ಒಂದು ಆಸೆ ಬರೆದಿರಲಿಲ್ಲ.

ಹೊಸದಾಗಿ ಶುರುಮಾಡಿದೆ. ಈ ಸಲ ಪುಸ್ತಕದ ನರಕ ಬಿಟ್ಟು ವಾಲ್ಮೀಕಿ ರಾಮಾಯಣದ ಉತ್ತರಕಾಂಡಕ್ಕೆ ಹೋದೆ. ಅಲ್ಲಿ ರಾಕ್ಷಸರ ಹುಟ್ಟಿನ ಕಥೆ ಸಣ್ಣದು. ಬ್ರಹ್ಮ ಮೊದಲು ನೀರನ್ನು ಸೃಷ್ಟಿಸಿ, ಅದನ್ನು ಕಾಯಲು ಜೀವಿಗಳನ್ನು ಸೃಷ್ಟಿಸುತ್ತಾನೆ. ಹಸಿವು ಬಾಯಾರಿಕೆಯಿಂದ ಬಳಲಿದ ಅವು ‘ನಾವೇನು ಮಾಡಬೇಕು’ ಎಂದು ಕೇಳುತ್ತವೆ. ಕಾಯಿರಿ ಎನ್ನುತ್ತಾನೆ ಬ್ರಹ್ಮ. ‘ರಕ್ಷಿಸುತ್ತೇವೆ’ ಅಂದವರು ರಾಕ್ಷಸರಾದರು, ‘ಪೂಜಿಸುತ್ತೇವೆ’ ಅಂದವರು ಯಕ್ಷರಾದರು. ನೀರು ಕಾಯಲು ಒಪ್ಪಿಕೊಂಡ, ಹಸಿದ ಕಾವಲುಗಾರರು. ರಾಕ್ಷಸನಿಗೆ ಇದಕ್ಕಿಂತ ಒಳ್ಳೆಯ ಹಿನ್ನೆಲೆಯನ್ನು ನಾನೆಲ್ಲಿ ಹುಡುಕಲಿ?

ಈ ಕಥೆಯನ್ನು ಅಗಸ್ತ್ಯರು ಹೇಳುವುದು ರಾಮನಿಗೆ, ಅಯೋಧ್ಯೆಯಲ್ಲಿ, ಪಟ್ಟಾಭಿಷೇಕವಾದ ಮೇಲೆ. ಅಂದರೆ ರಾವಣನನ್ನು ಕೊಂದ ಮೇಲೆ. ಓದುವಾಗ ಅದನ್ನು ನಾನು ಅಷ್ಟಾಗಿ ಗಮನಿಸಲಿಲ್ಲ.

ಹೊಸ ಕಥೆಯಲ್ಲಿ ಒಂದು ಕೆರೆ. ಕೆಳಗೆ ಮೂರು ಹಳ್ಳಿ. ತೂಬು ಎತ್ತಲು ಹೋದವರು ವಾಪಸು ಬರುವುದಿಲ್ಲ. ಈ ಸಲ ಮಕ್ಕಳಿಗೆ ರಾಕ್ಷಸ ಮೊದಲ ದಿನ ಸಿಗಲಿಲ್ಲ. ಕೆರೆಯ ದಂಡೆಯಲ್ಲಿ ಅಚ್ಚುಕಟ್ಟಾಗಿ ಹೂಳು ತೆಗೆದ ಗುರುತು ಸಿಕ್ಕಿತು, ಕಲ್ಲಿನ ಮೇಲೆ ವರ್ಷವರ್ಷದ ನೀರಿನ ಮಟ್ಟ ಗೀಚಿದ್ದು ಸಿಕ್ಕಿತು. ಹಳ್ಳಿಯ ಮುದುಕಿಯೊಬ್ಬಳು ‘ನಮ್ಮ ಅಜ್ಜಿಯ ಕಾಲದಲ್ಲಿ ಅವನಿಗೆ ಮೊದಲ ಕೊಯ್ಲಿನ ಅನ್ನ ಇಡುತ್ತಿದ್ದರು, ಆಮೇಲೆ ನಿಲ್ಲಿಸಿದರು’ ಅಂದಳು. ಮೂರನೆಯ ಭಾನುವಾರ ಅವನು ಎದುರಾದಾಗ ಯಾರೂ ಕತ್ತಿ ತೆಗೆಯಲಿಲ್ಲ. ಬೇಸಗೆಯಲ್ಲಿ ದಿನಕ್ಕಿಷ್ಟು ಟ್ಯಾಂಕರ್ ಬಂದರೆ ಮಾತ್ರ ನಲ್ಲಿಯಲ್ಲಿ ನೀರು ಕಾಣುವ ಅಪಾರ್ಟ್‌ಮೆಂಟಿನ ಮಕ್ಕಳು. ನೀರು ಕಾಯುವವನ ಮಾತನ್ನು ಅವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

“ಆದರೆ ನೀನು ಜನರನ್ನ ತಿಂದಿದ್ದೀ” ಅಂದಳು ನನ್ನ ಮಗಳು.

“ಹಸಿದಿದ್ದೆ” ಅಂದ ರಾಕ್ಷಸ, ಅಂದರೆ ನಾನು. ಅವಳು ಒಪ್ಪಲಿಲ್ಲ. ಒಪ್ಪಬೇಕಾಗಿಯೂ ಇಲ್ಲ. ಕಾರಣ ಇದೆ ಎಂದ ಮಾತ್ರಕ್ಕೆ ತಪ್ಪು ಮಾಫಿಯಾಗುವುದಿಲ್ಲ. ಎರಡು ಭಾನುವಾರ ಸಂಧಾನ ನಡೆಯಿತು. ಕೊನೆಗೆ ಹಳ್ಳಿಯವರೇ ಮಾತು ಮುರಿದು ರಾತ್ರೋರಾತ್ರಿ ತೂಬು ಎತ್ತಿದರು, ಯುದ್ಧವಾಯಿತು, ರಾಕ್ಷಸ ಸತ್ತ. ಯಾರೂ ಹೋ ಎನ್ನಲಿಲ್ಲ. ತೆಲುಗಿನ ಹುಡುಗಿ ದಾಳ ಕೆಳಗಿಟ್ಟು ಕೇಳಿದಳು: “ಅಂಕಲ್, ಇನ್ನು ಹೂಳು ತೆಗೆಯೋರು ಯಾರು?”

ಇಲ್ಲಿಗೆ ಇದೊಂದು ಒಳ್ಳೆಯ ಆಟದ ಕಥೆಯಾಗಿ ಮುಗಿಯಬಹುದಿತ್ತು. ಆದರೆ ಅದೇ ತಿಂಗಳ ಒಂದು ಬುಧವಾರ ನಾನು ಆಫೀಸಿನಲ್ಲಿ ಇನ್ನೊಂದು ಕೆಲಸ ಮಾಡಿದ್ದೆ.

ಪಟ್ಟಿ ಕೇಳಿದ್ದರು. ಪ್ರತಿ ತಂಡದಿಂದ ಇಂತಿಷ್ಟು ಹೆಸರು. ನನ್ನ ತಂಡದಲ್ಲಿ ಅಕ್ಕಲಕೋಟೆ ಕಡೆಯ ಒಬ್ಬ ಹುಡುಗನಿದ್ದ. ಮಹಾರಾಷ್ಟ್ರದವನಾದರೂ ಮನೆಮಾತು ಕನ್ನಡ. ಚಹಾ ಕುಡಿಯುವಾಗ ನನ್ನೊಡನೆ ಕನ್ನಡ ಮಾತಾಡುತ್ತಿದ್ದವನು ಅವನೊಬ್ಬನೇ. ಕೆಲಸದಲ್ಲಿ ಮಾತ್ರ ಮೊಂಡ. ಯಾವ ಬದಲಾವಣೆ ತಂದರೂ ಮೊದಲು ‘ಬ್ಯಾಡ’ ಅನ್ನುತ್ತಿದ್ದ. ರಿಲೀಸಿನ ಹಿಂದಿನ ದಿನ ಅಡ್ಡ ಕಾಲು ಹಾಕುತ್ತಿದ್ದ. ಬೆಳಗಿನ ಮೀಟಿಂಗಿಗೆ ತಡವಾಗಿ, ಕೆಂಪು ಕಣ್ಣಿನಲ್ಲಿ ಬರುತ್ತಿದ್ದ. ತಂಡದವರು ಅವನಿಗೆ ‘ಬ್ಲಾಕರ್’ ಅಂತಲೇ ಹೆಸರಿಟ್ಟಿದ್ದರು. ರಿವ್ಯೂನಲ್ಲಿ ನಾನು ‘ಸಹಕಾರ ಮನೋಭಾವ ಕಡಿಮೆ’ ಅಂತ ಬರೆದಿದ್ದೆ, ಎರಡು ಸಲ. ಪಟ್ಟಿಯಲ್ಲಿ ಅವನ ಹೆಸರು ಬರೆಯಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಹದಿನೈದು ನಿಮಿಷದ ಕಾಲ್. ಓದಬೇಕಾದ ಸಾಲುಗಳನ್ನು ಮೊದಲೇ ಬರೆದು ಕೊಟ್ಟಿದ್ದರು. ಓದಿದೆ. ‘ಏನಾದರೂ ಕೇಳುವುದಿದೆಯಾ’ ಎಂಬ ಸಾಲೂ ಅದರಲ್ಲೇ ಇತ್ತು. ಅದನ್ನೂ ಓದಿದೆ. ಅವನು ಇಲ್ಲ ಅಂದ.

ಅವನು ಹೋದ ಒಂಬತ್ತನೆಯ ದಿನ ರಾತ್ರಿಯ ಬ್ಯಾಚ್ ಕೆಲಸ ನಿಂತುಹೋಯಿತು. ಮರುದಿನ ಮತ್ತೆ. ಲಾಗ್ ತೆಗೆದು ನೋಡಿದಾಗ ತಿಳಿಯಿತು, ಅದು ಎಂಟು ತಿಂಗಳಿಂದ ಆಗಾಗ ನಿಲ್ಲುತ್ತಲೇ ಇತ್ತು. ನಿಂತಾಗಲೆಲ್ಲ ರಾತ್ರಿ ಎರಡಕ್ಕೋ ಮೂರಕ್ಕೋ ಅವನು ಎದ್ದು, ಹಾಳಾದದ್ದನ್ನು ಸರಿಮಾಡಿ, ಮತ್ತೆ ಓಡಿಸಿ ಮಲಗುತ್ತಿದ್ದ. ಯಾವ ಬದಲಾವಣೆಗೆ ಅದು ಬೀಳುತ್ತದೆ ಎನ್ನುವುದು ಅವನಿಗೆ ಗೊತ್ತಿತ್ತು. ಅವನು ‘ಬ್ಯಾಡ’ ಅಂದದ್ದೆಲ್ಲ ಹೆಚ್ಚುಕಡಿಮೆ ಅಂಥ ಬದಲಾವಣೆಗಳಿಗೇ. ಅವನು ಹೇಳಬೇಕಿತ್ತು, ನಿಜ. ಮಾತಿನಲ್ಲಿ ಒರಟ, ಅದೂ ನಿಜ. ಆದರೆ ಅವನು ಏನನ್ನು ಕಾಯುತ್ತಿದ್ದಾನೆ ಅಂತ ಎಂಟು ತಿಂಗಳಲ್ಲಿ ನಾನೊಮ್ಮೆಯೂ ಕೇಳಿರಲಿಲ್ಲ. ಮೇಜಿನ ಮೇಲಿನ ಹುಲಿತಲೆಯವನಿಗೆ ಐದು ಭಾನುವಾರ ಕೊಟ್ಟವನು, ನನ್ನದೇ ಭಾಷೆ ಮಾತಾಡುವವನಿಗೆ ಹದಿನೈದು ನಿಮಿಷ ಕೊಟ್ಟಿದ್ದೆ. ಅಗಸ್ತ್ಯರ ಕಥೆ ರಾಮನಿಗೆ ಯಾವಾಗ ಸಿಕ್ಕಿತು ಎನ್ನುವುದು ಆಗ ನೆನಪಾಯಿತು.

ದೀಪಾವಳಿಯ ಹೊತ್ತಿಗೆ ಅವನಿಗೆ ಫೋನ್ ಮಾಡಿದೆ. ಬೇರೆ ಕಡೆ ಕೆಲಸ ಸಿಕ್ಕಿತ್ತು, ದೇವರ ದಯೆ. ಬ್ಯಾಚ್ ಕೆಲಸದ ವಿಷಯ ಹೇಳಿದೆ, ತಪ್ಪಾಯಿತು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ: “ಅದು ಬೀಳ್ತದ ಅಂತ ಗೊತ್ತಿತ್ರಿ ಸರ್. ನೀವ್ ಕೇಳ್ಲೇ ಇಲ್ಲಲ್ರಿ.” ಆಮೇಲೆ ಊರು, ಮಳೆ, ತೊಗರಿ ಬೆಳೆ ಅಂತ ಒಂದಷ್ಟು ಮಾತಾಡಿದೆವು. ಅವನು ಮಾಫಿ ಮಾಡಿದನೋ ಇಲ್ಲವೋ ತಿಳಿಯಲಿಲ್ಲ. ಕೇಳಲೂ ಇಲ್ಲ.

ಈಗ ಹೊಸ ರಕ್ಕಸನನ್ನು ಮಾಡುವಾಗ ಮೂರು ಪುಟ ಬರೆಯುವುದಿಲ್ಲ. ಒಂದು ಕಾರ್ಡಿನ ಮೇಲೆ ಮೂರು ಸಾಲು: ಇವನಿಗೆ ಏನು ಬೇಕು? ಇವನು ಏನನ್ನು ಕಾಯುತ್ತಿದ್ದಾನೆ? ಇವನು ಬರುವ ಮೊದಲು ಇವನ ಯಾವ ಗುರುತು ಮಕ್ಕಳಿಗೆ ಸಿಗಬೇಕು? ಇಷ್ಟು ಗೊತ್ತಿದ್ದರೆ ಆರ್ಮರ್ ಕ್ಲಾಸು ಎಷ್ಟಿದ್ದರೂ ನಡೆಯುತ್ತದೆ. ಎರಡನೆಯ ಸಾಲನ್ನು ಆಫೀಸಿನ ರಿವ್ಯೂಗಳಲ್ಲಿಯೂ ಕೇಳುತ್ತೇನೆ. ಮೊದಮೊದಲು ಹುಡುಗರು ವಿಚಿತ್ರವಾಗಿ ನೋಡಿದರು, ಈಗ ಉತ್ತರ ಕೊಡುತ್ತಾರೆ. ಇದರಿಂದ ಮುಂದಿನ ಪಟ್ಟಿ ಬರುವುದು ನಿಲ್ಲುವುದಿಲ್ಲ ಎನ್ನುವುದೂ ಗೊತ್ತಿದೆ.

ಹೋದ ವಾರದಿಂದ ಮಗಳು ತಾನೇ ಡಂಜನ್ ಮಾಸ್ಟರ್ ಆಗುತ್ತೇನೆಂದು ಹಟ ಹಿಡಿದಿದ್ದಾಳೆ. ಅವಳ ಹೊಸ ರಕ್ಕಸನ ಚಿತ್ರ ತೋರಿಸಿದಳು. ಕೊರಳಲ್ಲಿ ಐಡಿ ಕಾರ್ಡು, ಕಿವಿಗೆ ಹೆಡ್‌ಫೋನು, ಆರು ಕೈಗಳಲ್ಲಿ ಆರು ಲ್ಯಾಪ್‌ಟಾಪು. ದಿನಾ ಎಲ್ಲರ ಹತ್ತಿರ ಸ್ಟೇಟಸ್ ಕೇಳುತ್ತಾನಂತೆ. ಹಿಟ್ ಪಾಯಿಂಟ್ 110.

“ಚೆನ್ನಾಗಿದೆ” ಅಂದೆ. “ಇವನಿಗೆ ಏನು ಬೇಕು?”

ಅವಳು ಪೆನ್ಸಿಲ್ ಕಚ್ಚುತ್ತ ನನ್ನ ಮುಖ ನೋಡಿದಳು. “ಅದೇ ಗೊತ್ತಾಗ್ತಾ ಇಲ್ಲ ಅಪ್ಪ. ನೀನೇ ಹೇಳು.”